ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ದಾವಣಗೆರೆಯ ದೋಸೆ ದುಡ್ಡು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರತಿ ವರ್ಷ ಸೆಪ್ಟೆಂಬರ್‌ನಲ್ಲಿ ಒಂದು ಭಾನುವಾರ ಬೆಳಿಗ್ಗೆ ನಾವು ಕೆಲವರು ಸೇರಿ ಬೆಣ್ಣೆ ದೋಸೆ ಹಾಕುತ್ತೇವೆ. ಬಂದ ದುಡ್ಡೆಲ್ಲ ಮಕ್ಕಳ ಕ್ಯಾನ್ಸರ್ ಸಂಶೋಧನೆಗೆ ಹೋಗುತ್ತದೆ. ಸೆಪ್ಟೆಂಬರೇ ಯಾಕೆ ಅಂದರೆ, ಮಕ್ಕಳ ಕ್ಯಾನ್ಸರ್ ಬಗ್ಗೆ ಜನರಿಗೆ ತಿಳಿಸಲು ಪ್ರಪಂಚದ ಎಷ್ಟೋ ಕಡೆ ಆರಿಸಿಕೊಂಡಿರುವ ತಿಂಗಳು ಅದು. ನಮ್ಮ ಎದೆ ಮೇಲೆ ಕಾಣುವ ಬಂಗಾರದ ಬಣ್ಣದ ರಿಬ್ಬನ್ ಕೂಡ ಅದರದ್ದೇ ಗುರುತು. ದೋಸೆ ತಿನ್ನುತ್ತಾ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಪ್ರತಿ ವರ್ಷ ಅವೇ. ಹಂಚಿನ ಮುಂದೆ ನಿಂತು ಹೊಗೆ ಕುಡಿಯುತ್ತಾ ಸರಿಯಾಗಿ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆದಿಟ್ಟಿದ್ದೇವೆ.

ನೀವು ಯಾರು? ಟ್ರಸ್ಟಾ, ಸಂಘನಾ?

ಎರಡೂ ಅಲ್ಲ. ಎಂಟು ಜನ ಇದ್ದೇವೆ. ಇಬ್ಬರು ಮೇಷ್ಟ್ರು, ಒಬ್ಬರು ಮೆಕ್ಕೆಜೋಳದ ದಲಾಲಿ ಅಂಗಡಿಯವರು, ಒಬ್ಬರು ಬ್ಯಾಂಕಿನಿಂದ ರಿಟೈರ್ ಆದವರು, ಒಬ್ಬರು ದೋಸೆ ಹೋಟೆಲಿನವರು, ಇಬ್ಬರು ಕಾಲೇಜು ಹುಡುಗರು. ಇನ್ನೊಬ್ಬರು, ಬ್ಲಡ್ ಕ್ಯಾನ್ಸರ್ ಆಗಿದ್ದ ಮಗನನ್ನು ಕರೆದುಕೊಂಡು ಎರಡೂವರೆ ವರ್ಷ ಬೆಂಗಳೂರಿಗೆ ಓಡಾಡಿದ ತಾಯಿ. ಹುಡುಗ ಈಗ ಚೆನ್ನಾಗಿದ್ದಾನೆ. ನಾವು ಎಲ್ಲೂ ರಿಜಿಸ್ಟರ್ ಆಗಿಲ್ಲ, ಆಗುವ ಯೋಚನೆಯೂ ಇಲ್ಲ. ರಿಜಿಸ್ಟರ್ ಆದರೆ ಅಧ್ಯಕ್ಷರು ಬರುತ್ತಾರೆ, ಅಧ್ಯಕ್ಷರ ಹಿಂದೆ ಹಾರ, ಶಾಲು, ಫ್ಲೆಕ್ಸ್ ಎಲ್ಲ ಬರುತ್ತವೆ.

ಚಿಕಿತ್ಸೆಗೆ ಕೊಡೋದು ಬಿಟ್ಟು ಸಂಶೋಧನೆಗೆ ಯಾಕೆ?

ಅತಿ ಜಾಸ್ತಿ ಕೇಳುವ ಪ್ರಶ್ನೆ ಇದು. ಸಿಟ್ಟಿನಿಂದ ಕೇಳುವವರೂ ಇದ್ದಾರೆ. "ಕಣ್ಣೆದುರಿಗೆ ಒದ್ದಾಡೋ ಮಗು ಬಿಟ್ಟು ಯಾವನೋ ಸೈಂಟಿಸ್ಟಿಗೆ ಯಾಕ್ರೀ ದುಡ್ಡು?" ಎಂದು ಒಬ್ಬ ಯಜಮಾನರು ತಟ್ಟೆ ಕೈಯಲ್ಲಿ ಹಿಡಿದೇ ನಮ್ಮನ್ನು ತರಾಟೆಗೆ ತೆಗೆದುಕೊಂಡಿದ್ದರು. ಕೇಳಬೇಕಾದ ಪ್ರಶ್ನೆಯೇ.

ಚಿಕಿತ್ಸೆಗೆ ಕೊಡಬೇಡಿ ಅಂತ ನಾವು ಹೇಳುವುದಿಲ್ಲ. ಖಂಡಿತ ಕೊಡಿ. ಆದರೆ ಚಿಕಿತ್ಸೆಗೆ ಕೇಳುವಾಗ ಒಂದು ಮಗುವಿನ ಮುಖ ಇರುತ್ತದೆ. ಊರಿನವರು ಮಿಡಿಯುತ್ತಾರೆ, ಮಠದವರು ಕೊಡುತ್ತಾರೆ, ಸರ್ಕಾರದ ಕಾರ್ಡ್ ಇದೆ. ಸಂಶೋಧನೆಗೆ ಮುಖ ಇಲ್ಲ, ಹಾಗಾಗಿ ಅದರ ಪರವಾಗಿ ಕೇಳುವವರೂ ಕಡಿಮೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳಿಗೆ, ಅಂದರೆ 19 ವರ್ಷದೊಳಗಿನವರಿಗೆ, ಕ್ಯಾನ್ಸರ್ ಬರುತ್ತದೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಜಾಸ್ತಿ ಮಕ್ಕಳು ಗುಣವಾಗುತ್ತಾರೆ. ಎಷ್ಟೋ ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 30 ಮಕ್ಕಳೂ ಉಳಿಯುವುದಿಲ್ಲ. ಕಾಯಿಲೆ ಅದೇ, ಔಷಧಿಗಳೂ ಬಹುಪಾಲು ಅವೇ. ಹಾಗಾದರೆ ಇಷ್ಟು ಅಂತರ ಯಾಕೆ? ಕಾಯಿಲೆ ತಡವಾಗಿ ಗೊತ್ತಾಗುತ್ತದೆ. ದೂರ, ಕೂಲಿ, ಸಾಲ ಅಂತ ಮಧ್ಯದಲ್ಲೇ ಚಿಕಿತ್ಸೆ ಬಿಡುತ್ತಾರೆ. ಕೀಮೋ, ಅಂದರೆ ಕ್ಯಾನ್ಸರ್ ಔಷಧಿ, ಕೊಟ್ಟು ರಕ್ತದ ಬಿಳಿ ಕಣಗಳ ಕೌಂಟ್ ಬಿದ್ದಾಗ ಸೋಂಕು ತಗಲುತ್ತದೆ. ಮಗುವಿಗೆ ಮೊದಲೇ ಮೈಯಲ್ಲಿ ಶಕ್ತಿ ಇರುವುದಿಲ್ಲ. ಹೊಟ್ಟೆ ತುಂಬ ಉಂಡು ಬೆಳೆದ ಮಗು ತಡೆದುಕೊಳ್ಳುವ ಔಷಧಿಯನ್ನು, ಜಗಳೂರು ಕಡೆಯ ಒಂದು ಹಳ್ಳಿಯ ಸೊರಗಿದ ಮಗು ತಡೆದುಕೊಳ್ಳುತ್ತಾ? ಇದನ್ನು ಅಮೆರಿಕದವರು ಹುಡುಕಿ ಕೊಡುವುದಿಲ್ಲ. ಇಲ್ಲಿಯ ಮಕ್ಕಳ ನಡುವೆ, ಇಲ್ಲಿಯ ಡಾಕ್ಟರುಗಳೇ ಹುಡುಕಬೇಕು.

ಹುಡುಕಿದ್ದಾರೆ ಕೂಡ. 1980ರ ದಶಕದಲ್ಲಿ ಮುಂಬೈನ ಟಾಟಾ ಮೆಮೋರಿಯಲ್, ಚೆನ್ನೈನ ಕ್ಯಾನ್ಸರ್ ಇನ್‌ಸ್ಟಿಟ್ಯೂಟ್, ದೆಹಲಿಯ ಏಮ್ಸ್ ಮೂರೂ ಕಡೆ ಮಕ್ಕಳ ರಕ್ತದ ಕ್ಯಾನ್ಸರಿಗೆ ಎಂಸಿಪಿ-841 ಎಂಬ ಒಂದೇ ಚಿಕಿತ್ಸಾ ಕ್ರಮ ಶುರುವಾಯಿತು. ಎಲ್ಲರೂ ಒಂದೇ ತರಹ ಕೊಟ್ಟರು, ಒಂದೇ ತರಹ ಬರೆದಿಟ್ಟರು. ಉಳಿಯುವ ಮಕ್ಕಳ ಪ್ರಮಾಣ ಮೊದಲಿಗಿಂತ ಎಷ್ಟೋ ಮೇಲೆ ಬಂತು. ಆಮೇಲೆ ಬಂದದ್ದು ಐಸಿಕಲ್ ಎಂಬ ಅಧ್ಯಯನ. ದೇಶದ ಹಲವು ಆಸ್ಪತ್ರೆಗಳು ಅದರಲ್ಲಿ ಕೈಜೋಡಿಸಿದವು. ಅದು ಎತ್ತಿಕೊಂಡ ಪ್ರಶ್ನೆಗಳಲ್ಲಿ ಒಂದು ಹೀಗಿದೆ: ಚಿಕಿತ್ಸೆಯ ಶುರುವಿನಲ್ಲಿ ಕೊಡುವ ಸ್ಟೆರಾಯ್ಡ್ ಮಾತ್ರೆಯನ್ನು ಕಾಯಿಲೆ ಅಷ್ಟೇನೂ ಜೋರಿಲ್ಲದ ಮಕ್ಕಳಿಗೆ ಐದು ವಾರದ ಬದಲು ಮೂರೇ ವಾರ ಕೊಟ್ಟರೆ, ಸೋಂಕಿನಂಥ ತೊಂದರೆ ಕಮ್ಮಿ ಆಗುತ್ತಾ? ಕೇಳಲು ಸಣ್ಣ ಪ್ರಶ್ನೆ. ಅದಕ್ಕೆ ಉತ್ತರ ಸಿಕ್ಕರೆ ಮುಂದೆ ಬರುವ ಪ್ರತಿ ಮಗುವಿಗೂ ಅದು ಆಗಿಬರುತ್ತದೆ.

ಆ ಯಜಮಾನರಿಗೆ ಇಷ್ಟೆಲ್ಲ ಹೇಳಿದ ಮೇಲೆ, "ಸರಿ ಬಿಡಿ, ಇನ್ನೊಂದು ದೋಸೆ ಹಾಕಿ" ಅಂದರು.

ಸಂಶೋಧನೆ ಅಂದರೆ ದುಡ್ಡು ಯಾವುದಕ್ಕೆ ಖರ್ಚಾಗುತ್ತೆ?

ಬಿಳಿ ಕೋಟು, ಗಾಜಿನ ನಳಿಗೆ ಅಂತ ನಾವೂ ಅಂದುಕೊಂಡಿದ್ದೆವು. ಅದೂ ಇದೆ. ಆದರೆ ಜಾಸ್ತಿ ಖರ್ಚು ತುಂಬಾ ಸಾದಾ ವಿಷಯಗಳಿಗೆ. ಪ್ರತಿ ಮಗುವಿನ ಫೈಲಿನಿಂದ ಜ್ವರ ಎಂದು ಬಂತು, ಔಷಧಿ ಎಷ್ಟು ಕೊಟ್ಟರು, ಎಂದು ನಿಲ್ಲಿಸಿದರು ಎಂದು ಕಂಪ್ಯೂಟರಿಗೆ ಏರಿಸುವ ಹುಡುಗಿಯ ಸಂಬಳ. ರಕ್ತ, ಮೂಳೆಮಜ್ಜೆಯ ಮಾದರಿಗಳನ್ನು ಮೈನಸ್ 80 ಡಿಗ್ರಿಯಲ್ಲಿಡುವ ಫ್ರೀಜರ್ ಮತ್ತು ಅದರ ಕರೆಂಟು ಬಿಲ್ಲು. ಒಂದು ಊರಿನಿಂದ ಇನ್ನೊಂದು ಊರಿಗೆ ಐಸ್ ಹಾಕಿ ಮಾದರಿ ಕಳಿಸುವ ಕೊರಿಯರ್. ಚಿಕಿತ್ಸೆ ಮುಗಿದ ಮೇಲೆ ಮಗು ಹೇಗಿದೆ ಅಂತ ವರ್ಷಗಟ್ಟಲೆ ಫೋನ್ ಮಾಡಿ ಕೇಳುವವರು.

ಪರೀಕ್ಷೆಗಳಲ್ಲಿ ಒಂದನ್ನು ಹೇಳುತ್ತೇನೆ, ದಾವಣಗೆರೆಯವರಿಗೆ ಬೇಗ ಅರ್ಥವಾಗುತ್ತದೆ. ಮೊದಲ ಸುತ್ತು ಕೀಮೋ ಮುಗಿದ ಮೇಲೆ ಮಗುವಿನ ಮೂಳೆಮಜ್ಜೆ ತೆಗೆದು ನೋಡುತ್ತಾರೆ. ಮೈಕ್ರೋಸ್ಕೋಪಿನಲ್ಲಿ ಕಾಯಿಲೆ ಕಾಣುವುದಿಲ್ಲ. ಆದರೆ ಎಂಆರ್‌ಡಿ ಎಂಬ ಪರೀಕ್ಷೆ ಹತ್ತು ಸಾವಿರ ಜೀವಕೋಶಗಳ ನಡುವೆ ಒಂದೇ ಒಂದು ಕೆಟ್ಟದ್ದಿದ್ದರೂ ಹಿಡಿಯಬಲ್ಲದು. ಮಂಡಕ್ಕಿ ಭಟ್ಟಿಯಲ್ಲಿ ಒಂದು ಚೀಲ ಮಂಡಕ್ಕಿ ಸುರಿದು ಅದರಲ್ಲಿ ಸುಟ್ಟ ಕಾಳು ಒಂದೋ ಎರಡೋ ಇದ್ದರೆ ಹೆಕ್ಕಿದ ಹಾಗೆ. ಕೆಟ್ಟ ಕೋಶ ಉಳಿದಿದ್ದರೆ ಚಿಕಿತ್ಸೆ ಬಿಗಿ ಮಾಡುತ್ತಾರೆ. ಉಳಿದಿಲ್ಲ ಅಂದರೆ ಆ ಮಗುವಿಗೆ ಸುಮ್ನೆ ಜಾಸ್ತಿ ವಿಷ ಕೊಡುವುದು ತಪ್ಪುತ್ತದೆ.

ನಮ್ಮ ಹತ್ತು ರೂಪಾಯಿ, ಇಪ್ಪತ್ತು ರೂಪಾಯಿಂದ ಏನಾಗುತ್ತೆ?

ಮಕ್ಕಳ ಕ್ಯಾನ್ಸರಿಗೆ ಔಷಧಿ ಹುಡುಕುವ ಕೆಲಸ ಮೊದಲಿನಿಂದಲೂ ನಡೆದದ್ದೇ ಚಿಲ್ಲರೆ ದುಡ್ಡಿನಲ್ಲಿ.

1940ರ ದಶಕದಲ್ಲಿ ರಕ್ತದ ಕ್ಯಾನ್ಸರ್ ಬಂದ ಮಗು ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳು ಬದುಕುತ್ತಿತ್ತು. ಬಾಸ್ಟನ್ನಿನ ಸಿಡ್ನಿ ಫಾರ್ಬರ್ ಎಂಬ ಡಾಕ್ಟರು ಅಮಿನೋಪ್ಟೆರಿನ್ ಎಂಬ ಔಷಧಿಯನ್ನು 16 ಮಕ್ಕಳಿಗೆ ಕೊಟ್ಟು ನೋಡಿದರು. 10 ಮಕ್ಕಳಲ್ಲಿ ಕಾಯಿಲೆ ಸ್ವಲ್ಪ ದಿನ ಹಿಂದೆ ಸರಿಯಿತು. ಪೂರ್ತಿ ವಾಸಿಯಾಗಲಿಲ್ಲ. ಆದರೂ ಅಲ್ಲಿಯವರೆಗೆ ಅಷ್ಟೂ ಆಗಿರಲಿಲ್ಲ. 1948ರಲ್ಲಿ ಅವರು ಅದನ್ನು ಪ್ರಕಟಿಸಿದರು. ಆ ಔಷಧಿ ತಯಾರಿಸಿದ ತಂಡದ ಮುಂದಾಳು ಯಾರು ಗೊತ್ತಾ? ಆಂಧ್ರದ ಭೀಮವರಂನಲ್ಲಿ ಹುಟ್ಟಿ, ಮದ್ರಾಸಿನಲ್ಲಿ ವೈದ್ಯಕೀಯ ಓದಿ ಅಮೆರಿಕಕ್ಕೆ ಹೋದ ಯೆಲ್ಲಾಪ್ರಗಡ ಸುಬ್ಬಾರಾವ್. ನಮ್ಮ ಶಾಲೆಯ ಪುಸ್ತಕಗಳಲ್ಲಿ ಆತನ ಹೆಸರು ಯಾಕಿರಲಿಲ್ಲವೋ.

ಫಾರ್ಬರ್‌ಗೆ ಮುಂದೆ ಕೆಲಸ ಮಾಡಲು ದುಡ್ಡು ಬೇಕಿತ್ತು. 1948ರ ಮೇ 22ರಂದು ರೇಡಿಯೋದಲ್ಲಿ ಒಂದು ಕಾರ್ಯಕ್ರಮ ಆಯಿತು. ಆಸ್ಪತ್ರೆಯ ಹಾಸಿಗೆ ಮೇಲಿದ್ದ 12 ವರ್ಷದ ಹುಡುಗನ ಜೊತೆ ಮಾತಾಡಿಸಿದರು. ಅವನು ಬೇಸ್‌ಬಾಲ್ ಹುಚ್ಚ. ಅವನ ಇಷ್ಟದ ಬಾಸ್ಟನ್ ಬ್ರೇವ್ಸ್ ಆಟಗಾರರು ಒಬ್ಬೊಬ್ಬರಾಗಿ ಕೋಣೆಯೊಳಗೆ ಬಂದರು. ಆಟ ನೋಡಲು ಅವನಿಗೊಂದು ಟಿವಿ ಬೇಕು, 20,000 ಡಾಲರ್ ಸೇರಿದರೆ ಕೊಡಿಸುತ್ತೇವೆ ಅಂದರು. ಜನ ಆಸ್ಪತ್ರೆಗೆ ನಡೆದುಬಂದು ಕೊಟ್ಟರು, ಟಪಾಲಿನಲ್ಲಿ ಕಳಿಸಿದರು. ಎರಡು ಲಕ್ಷ ಡಾಲರಿಗೂ ಮೀರಿ ಸೇರಿತು. ಜಿಮ್ಮಿ ಫಂಡ್ ಎಂದು ಅದು ಇವತ್ತಿಗೂ ನಡೆಯುತ್ತಿದೆ. ಹುಡುಗನಿಗೆ ಟಿವಿಯೂ ಬಂತು.

2000ದಲ್ಲಿ ಅದೇ ದೇಶದಲ್ಲಿ ಅಲೆಕ್ಸ್ ಸ್ಕಾಟ್ ಎಂಬ 4 ವರ್ಷದ ಹುಡುಗಿ, ತಾನೇ ಕಾಯಿಲೆಯವಳು, ಮನೆ ಮುಂದೆ ಮೇಜು ಹಾಕಿ ನಿಂಬೆ ಪಾನಕ ಮಾರಿದಳು. ಡಾಕ್ಟರಿಗೆ ಕೊಡ್ತೀನಿ, ಬೇರೆ ಮಕ್ಕಳಿಗೆ ವಾಸಿ ಮಾಡಲಿ ಅಂತ. 2004ರಲ್ಲಿ ಅವಳು ತೀರಿಕೊಳ್ಳುವ ಹೊತ್ತಿಗೆ, ಅವಳನ್ನು ನೋಡಿ ಊರೂರಲ್ಲಿ ಪಾನಕ ಮಾರಿದವರದ್ದೂ ಸೇರಿ ಹತ್ತು ಲಕ್ಷ ಡಾಲರಿಗೂ ಜಾಸ್ತಿ ಆಗಿತ್ತು. ನಮ್ಮ ದೋಸೆಯ ಯೋಚನೆ ಹುಟ್ಟಿದ್ದು ಆ ಪಾನಕದಿಂದ. ದಾವಣಗೆರೆಯಲ್ಲಿ ಪಾನಕ ಮಾರಿದರೆ ರಾಮನವಮಿ ಅಂದುಕೊಂಡು ಎಲ್ಲರೂ ಪುಕ್ಕಟೆ ಕುಡಿದು ಹೋಗುತ್ತಾರೆ.

ಪೋಸ್ಟರಿನಲ್ಲಿ ಮಗುವಿನ ಫೋಟೋ ಹಾಕಿದರೆ ಜಾಸ್ತಿ ದುಡ್ಡು ಬರಲ್ವಾ?

ಬರುತ್ತದೆ. ಮೊದಲ ವರ್ಷ ಹಾಕಿದ್ದೆವು. ತಲೆ ಬೋಳಾಗಿರುವ, ಮೂಗಿಗೆ ನಳಿಗೆ ಹಾಕಿರುವ ಒಬ್ಬ ಹುಡುಗನ ಫೋಟೋ. ತಾಯಿಯನ್ನು ಕೇಳಿಯೇ ಹಾಕಿದ್ದು. ವಾಟ್ಸಾಪಿನಲ್ಲಿ ಅದು ಎಲ್ಲೆಲ್ಲಿಗೋ ಹೋಯಿತು, ಆಗ ನಮಗೆ ಖುಷಿಯೇ ಆಗಿತ್ತು.

ಮೂರು ವರ್ಷದ ನಂತರ ಆ ಹುಡುಗ ಗುಣವಾಗಿ, ಕೂದಲು ಬೆಳೆದು, ಹೊಸ ಶಾಲೆಗೆ ಸೇರಿದ. ಒಂದು ದಿನ ಅವನ ಕ್ಲಾಸಿನವರ ಮನೆಯ ಯಾವುದೋ ಗ್ರೂಪಿನಲ್ಲಿ ಅದೇ ಹಳೆ ಫೋಟೋ ತಿರುಗಿ ಬಂತು, ಕೆಳಗೆ ಬೇರೆ ಯಾರದೋ ಫೋನ್ ನಂಬರ್ ಹಾಕಿ. ಅಂದರೆ ಅವನ ಮುಖ ತೋರಿಸಿ ಇನ್ಯಾರೋ ದುಡ್ಡು ಎತ್ತುತ್ತಿದ್ದರು. ಅದು ಹೋಗಲಿ. ಶಾಲೆಯಲ್ಲಿ ಪಕ್ಕದಲ್ಲಿ ಕೂರುತ್ತಿದ್ದ ಹುಡುಗ ಡೆಸ್ಕ್ ಬದಲಿಸಿದ. ಅವನ ಅಮ್ಮ ಹೇಳಿದ್ದರಂತೆ, ಅಂಟುತ್ತೆ ಅಂತ. ಆ ತಾಯಿ ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಎಂಟು ಜನರಲ್ಲಿ ಒಬ್ಬರು ಅಂದೆವಲ್ಲ, ಅವರೇ ಇವರು.

ಅಂದಿನಿಂದ ಫೋಟೋ ಇಲ್ಲ, ಹೆಸರಿಲ್ಲ. ಜಿಮ್ಮಿ ಫಂಡಿನ ಆ ಹುಡುಗನ ನಿಜವಾದ ಹೆಸರು ಜಿಮ್ಮಿ ಅಲ್ಲ. ಗುಟ್ಟಾಗಿರಲಿ ಅಂತಲೇ ಹಾಗೆ ಕರೆದರು. ಅವನು ಬದುಕಿಲ್ಲ ಎಂದೇ ಜನ ನಂಬಿದ್ದರು. 50 ವರ್ಷ ಆದ ಮೇಲೆ, 1998ರಲ್ಲಿ, ನಾನೇ ಆ ಹುಡುಗ ಅಂತ ಐನಾರ್ ಗುಸ್ಟಾಫ್‌ಸನ್ ಎಂಬ ಲಾರಿ ಡ್ರೈವರ್ ಜನರ ಮುಂದೆ ಬಂದರು. ಅಷ್ಟೂ ವರ್ಷ ನಿಶ್ಚಿಂತೆಯಿಂದ ತಮ್ಮ ಪಾಡಿಗೆ ತಾವು ಲಾರಿ ಓಡಿಸಿಕೊಂಡಿದ್ದರು. ಗುಣವಾದ ಮಗುವಿಗೆ ಬೇಕಾದದ್ದು ಅದೇ ಅಲ್ವಾ? ನಮ್ಮ ಪೋಸ್ಟರಿನಲ್ಲಿ ಈಗ ಒಂದು ದೋಸೆ, ಒಂದು ಬೆಣ್ಣೆ ಉಂಡೆ ಇರುತ್ತದೆ. ದುಡ್ಡು ಸ್ವಲ್ಪ ಕಮ್ಮಿ ಬರುತ್ತದೆ. ಬರಲಿ.

ಲೆಕ್ಕ ಹೇಗೆ ಇಡ್ತೀರಿ? ಸುಳ್ಳು ಹೇಳಲ್ಲ ಅಂತ ಏನು ಗ್ಯಾರಂಟಿ?

ಕ್ಯೂಆರ್ ಕೋಡ್ ನಮ್ಮದಲ್ಲ, ದುಡ್ಡು ಪಡೆಯುವ ಸಂಸ್ಥೆಯದ್ದು. ಸ್ಕ್ಯಾನ್ ಮಾಡಿದಾಗ ಪರದೆ ಮೇಲೆ ಸಂಸ್ಥೆಯ ಹೆಸರು ಬರಬೇಕು. ವ್ಯಕ್ತಿಯ ಹೆಸರು ಬಂದರೆ ಕಳಿಸಬೇಡಿ, ನಮಗೆ ಹೇಳಿ. ಒಂದು ವರ್ಷ ನಮ್ಮ ಸ್ಟಿಕ್ಕರ್ ಮೇಲೆ ಯಾರೋ ಬೇರೆ ಸ್ಟಿಕ್ಕರ್ ಅಂಟಿಸಿ ಹೋಗಿದ್ದರು. ಅರ್ಧ ಗಂಟೆ ಗೊತ್ತೇ ಆಗಲಿಲ್ಲ. ಈಗ ಒಬ್ಬ ಹುಡುಗನಿಗೆ ಬೆಳಿಗ್ಗೆಯಿಂದ ಅದನ್ನು ಕಾಯುವುದೊಂದೇ ಕೆಲಸ.

ನಗದು ಹುಂಡಿಗೆ. ಹುಂಡಿ ಅಂದರೆ ಅಕ್ಕಿ ತುಂಬುವ ಸ್ಟೀಲ್ ಡಬ್ಬಿ, ಮುಚ್ಚಳಕ್ಕೆ ಸೀಳು ಕೊಯ್ದು ಬೀಗ ಹಾಕಿದ್ದೇವೆ. ಎರಡು ಬೀಗ, ಎರಡು ಕೀ, ಇಬ್ಬರ ಹತ್ತಿರ. ಮಧ್ಯಾಹ್ನ ಎಲ್ಲರ ಮುಂದೆ ಬಿಚ್ಚುತ್ತೇವೆ. ಯಾರು ಬೇಕಾದರೂ ಬಂದು ಕೂತು ಎಣಿಸಬಹುದು. ಚಾಪೆ ಮೇಲೆ ಸುರಿದಾಗ ಬೆಣ್ಣೆ ಜಿಡ್ಡಿನ ನೋಟು, ಕುಂಕುಮ ಅಂಟಿದ ನಾಣ್ಯ, ಒಂದೆರಡು ಬಸ್ ಟಿಕೆಟ್ಟು, ಒಮ್ಮೆ ಒಂದು ಬೆಳ್ಳಿ ಕಾಲುಂಗುರ. ಮತ್ತೆ ಹತ್ತರ ನಾಣ್ಯ ರಾಶಿ ರಾಶಿ. ಅಂಗಡಿಯವರು ತಗೊಳ್ಳಲ್ಲ ಅಂತ ಎಲ್ಲರೂ ತಂದು ಇದಕ್ಕೇ ಹಾಕುತ್ತಾರೆ. ಆ ನಾಣ್ಯ ನಡೆಯುತ್ತದೆ ಅಂತ ರಿಸರ್ವ್ ಬ್ಯಾಂಕ್ ಎಷ್ಟು ಸಲ ಹೇಳಿದರೂ ನಮ್ಮ ಕಡೆ ಯಾರೂ ನಂಬಲ್ಲ. ನಮ್ಮ ಪುಣ್ಯ, ಹಾಕಿ.

ಎಣಿಸಿದ್ದನ್ನು ನೋಟ್‌ಬುಕ್ಕಿನಲ್ಲಿ ಬರೆದು, ಎಣಿಸಿದವರೆಲ್ಲ ಸಹಿ ಹಾಕಿ, ಸೋಮವಾರ ಬ್ಯಾಂಕಿನಲ್ಲಿ ನೇರ ಸಂಸ್ಥೆಯ ಖಾತೆಗೆ ಕಟ್ಟುತ್ತೇವೆ. ಆ ಪುಟ, ಬ್ಯಾಂಕಿನ ಚಲನ್, ಸಂಸ್ಥೆಯ ರಸೀದಿ ಮೂರನ್ನೂ ಹೋಟೆಲಿನ ಗೋಡೆಗೆ ಒಂದು ತಿಂಗಳು ಅಂಟಿಸಿರುತ್ತೇವೆ. ಅಕ್ಕಿ, ಉದ್ದು, ಬೆಣ್ಣೆ, ಸೌದೆ ಖರ್ಚನ್ನು ನಾವೇ ಹಂಚಿಕೊಳ್ಳುತ್ತೇವೆ, ಹುಂಡಿಯಿಂದ ಒಂದು ಪೈಸೆ ತೆಗೆಯುವುದಿಲ್ಲ.

ಯಾರಿಗೆ ಕೊಡ್ತೀರಿ? ಹೇಗೆ ಆರಿಸ್ತೀರಿ?

ವರ್ಷಕ್ಕೊಂದು ಕಡೆ. ಆ ವರ್ಷದ ಹೆಸರು ಕ್ಯೂಆರ್ ಪಕ್ಕದಲ್ಲೇ ಬರೆದಿರುತ್ತೇವೆ. ದೊಡ್ಡ ಹೆಸರು ನೋಡಿ ಮರುಳಾಗುವುದಿಲ್ಲ. ಮಕ್ಕಳ ಕ್ಯಾನ್ಸರಿನ ಯಾವ ಅಧ್ಯಯನ ನಡೆಯುತ್ತಿದೆ, ಅದು ಸಿಟಿಆರ್‌ಐನಲ್ಲಿ ದಾಖಲಾಗಿದೆಯಾ ಅಂತ ಮೊದಲು ಕೇಳುತ್ತೇವೆ. ಸಿಟಿಆರ್‌ಐ ಅಂದರೆ ನಮ್ಮ ದೇಶದಲ್ಲಿ ನಡೆಯುವ ಚಿಕಿತ್ಸಾ ಪ್ರಯೋಗಗಳ ಪಟ್ಟಿ. 2009ರಿಂದ ಅದರಲ್ಲಿ ನೋಂದಣಿ ಕಡ್ಡಾಯ, ಯಾರು ಬೇಕಾದರೂ ತೆರೆದು ಓದಬಹುದು. ಆಮೇಲೆ, ಸಂಶೋಧನೆಗೆ ಅಂತ ಕೊಟ್ಟದ್ದು ಸಂಶೋಧನೆಗೇ ಹೋಗುತ್ತೆ ಎಂದು ಬರೆದುಕೊಡ್ತೀರಾ ಅಂತ ಕೇಳುತ್ತೇವೆ. ಹಾಗೆ ಬರೆದುಕೊಡದಿದ್ದರೆ ಅದು ಸಾಮಾನ್ಯ ನಿಧಿಗೆ ಸೇರಿ ಗೋಡೆಗೆ ಬಣ್ಣ ಹೊಡೆಯಲೂ ಹೋಗಬಹುದು.

ಒಂದು ಕಡೆ ರಸೀದಿಗೆ ಎಂಟು ತಿಂಗಳು ಅಲೆಸಿದರು. ದುಡ್ಡು ಸರಿಯಾಗಿಯೇ ತಲುಪಿತ್ತು, ಆದರೆ ಇಲ್ಲಿ ಗೋಡೆ ಖಾಲಿ ಇತ್ತು. ಮಂಡಿಪೇಟೆಯಲ್ಲಿ ಯಾರು ಸಿಕ್ಕರೂ ಅದೇ ಮಾತು: "ಏನಾಯ್ತು ಸಾರ್ ಆ ದುಡ್ಡು?" ಅವರಿಗೆ ಮತ್ತೆ ಕೊಡಲಿಲ್ಲ.

ತೆರಿಗೆ ವಿನಾಯಿತಿ ಸಿಗುತ್ತಾ?

ದೋಸೆಗೆ ಇಲ್ಲ. ನೀವು ನೇರವಾಗಿ ಸಂಸ್ಥೆಗೆ ಕೊಟ್ಟರೆ, ಅವರಿಗೆ ಆದಾಯ ತೆರಿಗೆ ಕಾಯ್ದೆಯ 80ಜಿ ಮಾನ್ಯತೆ ಇದ್ದರೆ, ಹೆಚ್ಚಾಗಿ ಕೊಟ್ಟದ್ದರ ಅರ್ಧದಷ್ಟು ನಿಮ್ಮ ಆದಾಯದಿಂದ ಕಳೆಯಬಹುದು. ಅದಕ್ಕೊಂದು ಮಿತಿ ಇದೆ. ಮಾನ್ಯತೆ ಪಡೆದ ವಿಜ್ಞಾನ ಸಂಶೋಧನಾ ಸಂಸ್ಥೆಗೆ ಕೊಟ್ಟರೆ, ವ್ಯಾಪಾರದ ಆದಾಯ ಇಲ್ಲದವರಿಗೆ 80ಜಿಜಿಎ ಇದೆ, ಅದರಲ್ಲಿ ಪೂರ್ತಿ ಕಳೆಯಬಹುದು. ಇದು ಸುಮಾರು ಜನರಿಗೆ ಗೊತ್ತಿಲ್ಲ. ಎರಡಕ್ಕೂ 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಲೆಕ್ಕಕ್ಕಿಲ್ಲ. ಪಾನ್ ನಂಬರ್ ಕೊಟ್ಟು, ದೇಣಿಗೆಯ ಪ್ರಮಾಣಪತ್ರ ಕೇಳಿ ಪಡೆಯಿರಿ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಇವು ಯಾವುದೂ ಇಲ್ಲ. 80ಜಿ, 80ಜಿಜಿಎ ಅನ್ನುವುದು ಹಳೆ ಕಾಯ್ದೆಯ ಸೆಕ್ಷನ್ ನಂಬರ್‌ಗಳು, 2025ರ ಹೊಸ ಕಾಯ್ದೆಯಲ್ಲಿ ಅವು ಬದಲಾಗಿವೆ, ನಿಮ್ಮ ಆಡಿಟರನ್ನು ಒಂದು ಮಾತು ಕೇಳಿಬಿಡಿ.

ಮಗ ಅಮೆರಿಕದಲ್ಲಿದ್ದಾನೆ. ಅವನು ಕಳಿಸಬಹುದಾ?

ಅವನ ಪಾಸ್‌ಪೋರ್ಟ್ ಇನ್ನೂ ನಮ್ಮ ದೇಶದ್ದೇ ಆಗಿದ್ದು, ಸ್ವಂತ ದುಡಿಮೆಯ ದುಡ್ಡನ್ನು ಬ್ಯಾಂಕಿನ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಅಲ್ಲಿಯ ಪ್ರಜೆ ಆಗಿಬಿಟ್ಟಿದ್ದರೆ, ಭಾರತ ಮೂಲದವರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ಅದು ವಿದೇಶಿ ದೇಣಿಗೆಯೇ. ಎಫ್‌ಸಿಆರ್‌ಎ, ಅಂದರೆ ವಿದೇಶಿ ದೇಣಿಗೆ ಕಾಯ್ದೆಯ ಅನುಮತಿ ಇರುವ ಸಂಸ್ಥೆ ಮಾತ್ರ ತಗೊಳ್ಳಬಹುದು, ಅದೂ ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು. ದಯವಿಟ್ಟು ನಮ್ಮ ಯಾರ ಖಾತೆಗೂ ಹಾಕಿಸಬೇಡಿ.

ಮಕ್ಕಳನ್ನು ಪ್ರಯೋಗದ ಇಲಿ ಮಾಡ್ತಾರಂತೆ, ಹೌದಾ?

ಈ ಹೆದರಿಕೆ ಸುಮ್ಮನೆ ಬಂದದ್ದಲ್ಲ, ತಳ್ಳಿಹಾಕುವುದೂ ಸರಿಯಲ್ಲ. ಆದರೆ ಮಕ್ಕಳ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ನಡೆಯುವುದು ಹೀಗೆ: ಈಗ ಗೊತ್ತಿರುವ ಒಳ್ಳೆಯ ಚಿಕಿತ್ಸೆ ಎಲ್ಲ ಮಕ್ಕಳಿಗೂ ಸಿಗುತ್ತದೆ. ಅದರಲ್ಲಿ ಒಂದು ಭಾಗವನ್ನು ಕೆಲವರಿಗೆ ಬದಲಿಸಿ ಹೋಲಿಸುತ್ತಾರೆ. ಆಗಲೇ ಹೇಳಿದ ಮೂರು ವಾರ, ಐದು ವಾರದ ಹಾಗೆ. ಔಷಧಿಯೇ ಕೊಡದೆ ಸಕ್ಕರೆ ಮಾತ್ರೆ ಕೊಟ್ಟು ನೋಡುವುದಲ್ಲ. ಆಸ್ಪತ್ರೆಯ ನೈತಿಕ ಸಮಿತಿ ಒಪ್ಪಬೇಕು, ತಂದೆತಾಯಿ ಓದಿ ಸಹಿ ಹಾಕಬೇಕು. 7 ವರ್ಷ ದಾಟಿದ ಮಗುವನ್ನೂ ಕೇಳಬೇಕು, ಅದು ಬಾಯಿಮಾತಿನಲ್ಲಾದರೂ ಹೂಂ ಅನ್ನಬೇಕು. 12 ದಾಟಿದರೆ ಬರೆದುಕೊಡಬೇಕು. ಬೇಡ ಅಂದರೆ ಮಾಮೂಲಿ ಚಿಕಿತ್ಸೆ ನಿಲ್ಲಿಸುವಂತಿಲ್ಲ. ಕಾಗದ ಕನ್ನಡದಲ್ಲಿ ಕೊಡಿ ಅಂತ ಕೇಳಿ. ಅರ್ಥವಾಗದೆ ಸಹಿ ಹಾಕಬೇಡಿ. ನಮ್ಮ ಬಳಗದ ಆ ತಾಯಿ ಎರಡು ದಿನ ಟೈಮ್ ತಗೊಂಡು, ಊರಿನ ಮೇಷ್ಟ್ರಿಗೆ ಫೋನಿನಲ್ಲಿ ಓದಿ ಹೇಳಿ, ಆಮೇಲೆ ಸಹಿ ಹಾಕಿದರಂತೆ.

ನಾಟಿ ಔಷಧಿ ಕೊಡುವವರಿದ್ದಾರೆ. ಅವರಿಗ್ಯಾಕೆ ದುಡ್ಡು ಕೊಡಲ್ಲ?

ನಿಮ್ಮ ಮನೆ ಅಂಗಳದಲ್ಲೇ ಇರುವ ಒಂದು ಗಿಡ ಹೇಳುತ್ತೇನೆ. ನಸುಗೆಂಪು, ಬಿಳಿ ಹೂ ಬಿಡುವ ಸದಾಪುಷ್ಪ, ಕೆಲವರು ಕಾಶಿ ಕಣಗಿಲೆ ಅನ್ನುತ್ತಾರೆ. ಮಕ್ಕಳ ರಕ್ತದ ಕ್ಯಾನ್ಸರಿಗೆ ಪ್ರಪಂಚದೆಲ್ಲೆಡೆ ಕೊಡುವ ವಿನ್‌ಕ್ರಿಸ್ಟಿನ್ ಎಂಬ ಇಂಜೆಕ್ಷನ್ ಬಂದದ್ದು ಆ ಗಿಡದಿಂದಲೇ, 1960ರ ದಶಕದಲ್ಲಿ. ರಾಶಿ ರಾಶಿ ಎಲೆಯಿಂದ ಸಿಗುವುದು ಚಿಟಿಕೆಯಷ್ಟು. ಮಗುವಿಗೆ ಕೊಡುವುದು ಮಿಲಿಗ್ರಾಂ ಲೆಕ್ಕದಲ್ಲಿ. ಸ್ವಲ್ಪ ಜಾಸ್ತಿಯಾದರೆ ನರಗಳಿಗೇ ಪೆಟ್ಟು. ಗಿಡದಿಂದ ಆ ಇಂಜೆಕ್ಷನ್ನಿನವರೆಗಿನ ದಾರಿಯೇ ಸಂಶೋಧನೆ. ದಯವಿಟ್ಟು ಎಲೆ ಅರೆದು ಕುಡಿಸಬೇಡಿ, ಅದು ವಿಷ. ಕ್ಯಾನ್ಸರ್ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ತಡೆದಿದೆ. ಗೋಡೆ ಮೇಲೆ ನಂಬರ್ ಬರೆದವರ ಹತ್ತಿರ ಹೋಗಿ ಎರಡು ತಿಂಗಳು ಕಳೆದು ಆಮೇಲೆ ಆಸ್ಪತ್ರೆಗೆ ಬಂದವರನ್ನು ನಾವು ನೋಡಿದ್ದೇವೆ.

ಅಂಟುತ್ತಾ? ಮಕ್ಕಳಿಗೆ ಯಾಕೆ ಬರುತ್ತೆ?

ಅಂಟುವುದಿಲ್ಲ. ಪಕ್ಕದಲ್ಲಿ ಕೂರಿಸಿ, ಜೊತೆಗೆ ಉಣ್ಣಲಿ. ಯಾಕೆ ಅಂದರೆ, ಬಹಳಷ್ಟು ಮಕ್ಕಳಲ್ಲಿ ಕಾರಣ ಸಿಗುವುದಿಲ್ಲ. ಹತ್ತರಲ್ಲಿ ಒಬ್ಬರಿಗೆ ಹುಟ್ಟಿನಿಂದ ಬಂದ ವಂಶವಾಹಿಯ ದೋಷ ಇರುತ್ತದೆ. ತಾಯಿ ಗ್ರಹಣ ನೋಡಿದ್ದು, ಪರಂಗಿ ತಿಂದದ್ದು ಯಾವುದೂ ಅಲ್ಲ.

ನಮ್ಮ ಕಡೆಯ ಮಗುವಿಗೇ ಕಾಯಿಲೆ ಇದೆ. ನಿಮ್ಮ ದುಡ್ಡು ಸಿಗುತ್ತಾ?

ಈ ದುಡ್ಡು ಸಿಗುವುದಿಲ್ಲ, ಕ್ಷಮಿಸಿ. ಆದರೆ ಫೋನ್ ಮಾಡಿ. ದಾರಿ ತೋರಿಸುವವರು ನಮ್ಮಲ್ಲಿದ್ದಾರೆ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಎಪಿಎಲ್ ಆದರೆ ಸರ್ಕಾರದ ಪ್ಯಾಕೇಜ್ ದರದಲ್ಲಿ ನೂರಕ್ಕೆ 30 ಭಾಗ, ಒಂದೂವರೆ ಲಕ್ಷದವರೆಗೆ. ಬೆಂಗಳೂರಿನ ಕಿದ್ವಾಯಿಗೆ ಹೋಗುವವರೇ ನಮ್ಮ ಕಡೆ ಜಾಸ್ತಿ. ಹೋಗುವಾಗ ಕಾರ್ಡು, ಆಧಾರ್ ಅಸಲು ತಗೊಂಡೇ ಹೋಗಿ, ಜೆರಾಕ್ಸ್ ನಂಬಿಕೊಂಡು ಹೋಗಬೇಡಿ.

ರೈಲಿನ ವಿಷಯ ಎಲ್ಲರಿಗೂ ಹೇಳುತ್ತೇವೆ, ಯಾಕೆಂದರೆ ದಾವಣಗೆರೆಯಿಂದ ಹೋಗಿಬರುವ ಖರ್ಚೇ ಎಷ್ಟೋ ಮನೆಗಳನ್ನು ಹಣ್ಣು ಮಾಡುತ್ತದೆ. ಕ್ಯಾನ್ಸರ್ ರೋಗಿ ಚಿಕಿತ್ಸೆಗೆ ಅಥವಾ ತಪಾಸಣೆಗೆ ಹೋಗುವಾಗ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ಪೂರ್ತಿ ಮಾಫಿ. ಜೊತೆಗೆ ಹೋಗುವ ಒಬ್ಬರಿಗೆ 75 ಭಾಗ ರಿಯಾಯಿತಿ. ಆಸ್ಪತ್ರೆಯ ಡಾಕ್ಟರು ರೈಲ್ವೆಯ ನಮೂನೆಯಲ್ಲಿ ಬರೆದುಕೊಡಬೇಕು, ಅದನ್ನು ಸ್ಟೇಷನ್ ಕೌಂಟರಿನಲ್ಲಿ ತೋರಿಸಬೇಕು. ಆ ತಾಯಿಗೆ ಇದು ಗೊತ್ತಾದದ್ದು ಒಂದು ವರ್ಷ ಕಳೆದ ಮೇಲೆ. ಪಕ್ಕದ ಹಾಸಿಗೆಯವರು ಹೇಳಿದ್ದು.

ಎರಡು ವಾರ ದಾಟಿದರೂ ಬಿಡದ ಜ್ವರ, ಮೈ ಬಿಳಿಚಿಕೊಳ್ಳುವುದು, ಬಿದ್ದಿಲ್ಲದಿದ್ದರೂ ನೀಲಿಗಟ್ಟುವುದು, ಮೂಳೆ ನೋವಿಗೆ ಕುಂಟುವುದು, ಹೊಟ್ಟೆಯಲ್ಲಿ ಗಡ್ಡೆ, ಬೆಳಗಿನ ತಲೆನೋವು ವಾಂತಿ, ಫೋಟೋದಲ್ಲಿ ಕಣ್ಣಿನ ಪಾಪೆ ಬೆಳ್ಳಗೆ ಹೊಳೆಯುವುದು. ಇದರಲ್ಲಿ ಯಾವುದು ಕಂಡರೂ ಮಕ್ಕಳ ಡಾಕ್ಟರಿಗೆ ತೋರಿಸಿ. ಹೆಚ್ಚಿನ ಸಲ ಅದು ಕ್ಯಾನ್ಸರ್ ಆಗಿರುವುದಿಲ್ಲ.

ಲಕ್ಕಿ ಡ್ರಾ ಇಟ್ಟರೆ ಲಕ್ಷ ಲಕ್ಷ ಬರುತ್ತಲ್ವಾ?

ಟಿಕೆಟ್ ಮಾರಿ ಬಹುಮಾನ ಎತ್ತಿದರೆ ಅದು ಲಾಟರಿ. ಕರ್ನಾಟಕದಲ್ಲಿ 2007ರಿಂದ ಲಾಟರಿ ನಿಷೇಧ. ಬೇಡ.

ದುಡ್ಡು ಕೊಡೋಕೆ ಆಗಲ್ಲ. ಬೇರೆ ಏನು ಮಾಡಬಹುದು?

ರಕ್ತ ಕೊಡಿ, ಅದರಲ್ಲೂ ಪ್ಲೇಟ್‌ಲೆಟ್. ಕೀಮೋ ನಡೆಯುವ ಮಕ್ಕಳಿಗೆ ಅದು ಮತ್ತೆ ಮತ್ತೆ ಬೇಕು, ಮತ್ತೆ ಐದು ದಿನಕ್ಕಿಂತ ಇಡೋಕೆ ಬರಲ್ಲ. ಅಥವಾ ಹಿಂದಿನ ರಾತ್ರಿ ಬಂದು ಆಲೂಗಡ್ಡೆ ಸುಲಿಯಿರಿ. ಜನ ಕಮ್ಮಿ ಬೀಳುವುದು ಅಲ್ಲೇ.

ಹರಿಹರದಲ್ಲೋ ಚನ್ನಗಿರಿಯಲ್ಲೋ ನಾವೂ ಮಾಡಬಹುದಾ?

ಮಾಡಿ, ನಮ್ಮ ಹೆಸರೇನೂ ಹಾಕಬೇಕಿಲ್ಲ. ಜಾಗಕ್ಕೆ ನಗರಸಭೆ ಅಥವಾ ಪುರಸಭೆಯ ಒಪ್ಪಿಗೆ, ರಸ್ತೆ ಬದಿ ಆದರೆ ಪೊಲೀಸರಿಗೂ ಒಂದು ಅರ್ಜಿ, ಮೈಕ್ ಹಾಕಿದರೆ ಅದಕ್ಕೂ ಅನುಮತಿ. ಅಡುಗೆಗೆ ಲೈಸೆನ್ಸ್ ಇರುವ ಹೋಟೆಲಿನವರನ್ನೇ ಜೊತೆಗೆ ಸೇರಿಸಿಕೊಳ್ಳಿ. ಭಾಷಣ ಇಡಬೇಡಿ. ಒಂದು ವರ್ಷ ಇಟ್ಟಿದ್ದೆವು, ಮುಖ್ಯ ಅತಿಥಿಗಳು ಬರುವುದು ತಡವಾಗಿ ಹಿಟ್ಟು ಹುಳಿ ಬಂತು.

ಎಷ್ಟು ಹೊತ್ತಿಗೆ ಬರಬೇಕು? ಪಾರ್ಸೆಲ್ ಉಂಟಾ?

ಆರೂವರೆಗೆ ಒಲೆ ಹಚ್ಚುತ್ತೇವೆ, ಏಳಕ್ಕೆ ಮೊದಲ ದೋಸೆ. ಹತ್ತೂವರೆಗೆ ಹಿಟ್ಟು ಖಾಲಿ, ಆಮೇಲೆ ಬಂದವರಿಗೆ ಹುಂಡಿ ಮಾತ್ರ. ಪಾರ್ಸೆಲ್ ಇಲ್ಲ, ಬೆಣ್ಣೆ ದೋಸೆ ಕಟ್ಟಿದರೆ ಮೆತ್ತಗಾಗುತ್ತದೆ ಅಂತ ನಮ್ಮ ಹೋಟೆಲಿನವರು ಯಾರು ಕೇಳಿದರೂ ಕೊಡಲ್ಲ. ಒಂದು ಮನೆಗೆ ಮಾತ್ರ ಕಟ್ಟಿಸಿಕೊಂಡು ಹೋಗುತ್ತೇವೆ. ಅಲ್ಲೊಬ್ಬಳು ಹುಡುಗಿ ಕೀಮೋದಲ್ಲಿದ್ದಾಳೆ, ಕೌಂಟ್ ಬಿದ್ದಾಗ ಜನರ ಮಧ್ಯೆ ಬರುವಂತಿಲ್ಲ, ಹೊರಗಿನ ತಿಂಡಿಯೂ ಕೂಡದು. ದೋಸೆ ಅವರ ಅಪ್ಪ ಅಮ್ಮನಿಗೆ. ಅವಳು ಬರೀ ಬಾಳೆ ಎಲೆ ಮೂಸಿ ನೋಡಿ, "ಮುಂದಿನ ವರ್ಷ ನಂಗೆ ಎರಡು" ಅಂತ ಲೆಕ್ಕ ಬರೆಸುತ್ತಾಳೆ.